ಡಬ್ಬಿ ಸೇರಿದ ಹಲ್ಲುಸೆಟ್ಟು, ಆರು ಮಿಲಿಮೀಟರಿನ ಬೇರು

ಜಡೆ, ಆನವಟ್ಟಿ, ಶಿರಾಳಕೊಪ್ಪದ ಕಡೆಯ ಹಳೆಯ ಮನೆಗಳಲ್ಲಿ ಎಲೆಅಡಿಕೆ ತಟ್ಟೆಯ ಪಕ್ಕ ಒಂದು ಕುಟ್ಟಾಣಿ ಇರುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಒರಳು, ಅದಕ್ಕೊಂದು ಹಾರೆಯಂಥ ಕಡ್ಡಿ. ಎಲೆ, ಅಡಿಕೆ ಹೋಳು, ಸುಣ್ಣ ಹಾಕಿ ಕುಟ್ಟಿ ಮೆತ್ತಗೆ ಮಾಡಿದರೆ ಹಲ್ಲಿಲ್ಲದ ಅಜ್ಜನೂ ಕವಳ ಹಾಕಬಹುದು. ಅಡಿಕೆ ಬೆಳೆಯುವ ಸೀಮೆಯಲ್ಲಿ ಹಲ್ಲು ಹೋದವರಿಗೆ ಸಿಕ್ಕ ಮೊದಲ ಉಪಕರಣ ಇದೇ ಇರಬೇಕು ಎಂದು ನಮಗೆ ಅನ್ನಿಸುತ್ತದೆ. ದವಡೆಯ ಕೆಲಸವನ್ನು ಬಾಯಿಯ ಹೊರಗೆ ತಂದು, ಕೈಗೆ ಒಪ್ಪಿಸಿದ ಉಪಾಯ ಅದು.

ಈಗ ಕುಟ್ಟಾಣಿಯ ಪಕ್ಕ ಇನ್ನೊಂದು ವಸ್ತು ಬಂದಿದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನೊಳಗೆ ಮುಳುಗಿರುವ ಹಲ್ಲುಸೆಟ್ಟು. ಮದುವೆಗೆ, ಫೋಟೊಕ್ಕೆ, ಬ್ಯಾಂಕಿಗೆ ಹೋಗುವಾಗ ಅದು ಬಾಯಿಗೆ ಏರುತ್ತದೆ. ಊಟಕ್ಕೆ ಕೂತಾಗ ಮತ್ತೆ ಡಬ್ಬಿಗೆ ಇಳಿಯುತ್ತದೆ. ಉಣ್ಣಲಿಕ್ಕೆಂದು ಕಟ್ಟಿಸಿದ ಹಲ್ಲನ್ನು ಉಣ್ಣುವ ಹೊತ್ತಿಗೆ ತೆಗೆದಿಡುವುದು ನಮ್ಮ ಊರುಗಳಲ್ಲಿ ಎಷ್ಟು ಸಾಮಾನ್ಯ ಎಂದರೆ ಅದನ್ನು ಯಾರೂ ವಿಚಿತ್ರ ಎಂದುಕೊಳ್ಳುವುದಿಲ್ಲ. 'ಸೆಟ್ಟು ಕೂರೋದಿಲ್ಲ', 'ಹಿಂದುಗಡೆ ಒತ್ತತ್ತೆ', 'ರೊಟ್ಟಿ ಕಚ್ಚಿದ್ರೆ ಮೇಲೇಳತ್ತೆ' ಎಂಬ ಮಾತುಗಳನ್ನು ನಾವು ಕೇಳುತ್ತಲೇ ಬೆಳೆದಿದ್ದೇವೆ. ಹೀಗೆ ಹೇಳುವವರನ್ನು ಗಮನಿಸಿದರೆ ಒಂದು ಸಾಮ್ಯ ಕಾಣುತ್ತದೆ. ಬಹಳಷ್ಟು ಜನರಿಗೆ ಕೆಳದವಡೆಯ ಮುಂದಿನ ಹಲ್ಲುಗಳು ಇನ್ನೂ ಇವೆ. ಎರಡೂ ಬದಿಯ ದವಡೆ ಹಲ್ಲುಗಳು ಹೋಗಿವೆ.

ಈ ಸೆಟ್ಟು ಯಾಕೆ ಕೂರುವುದಿಲ್ಲ, ಅದನ್ನು ಕೂರಿಸಲು ಮನುಷ್ಯ ಏನೇನು ಮಾಡಿದ್ದಾನೆ ಎಂಬುದು ಒಂದು ಉದ್ದನೆಯ ಕತೆ. ಆ ಕತೆಯ ಕೊನೆಯ ಭಾಗದಲ್ಲಿ ಬರುವುದು ಒಂದು ಗಿಡ್ಡ ತಿರುಪು. ಅದರ ಉದ್ದ ಎಷ್ಟಿರಬೇಕು ಎಂದು ದಂತವೈದ್ಯರು ಹಲವು ದಶಕ ಚರ್ಚೆ ಮಾಡಿದ್ದಾರೆ. ಆ ಚರ್ಚೆಗೂ ಜಡೆಯ ಅಜ್ಜಿಯ ಊಟದ ತಟ್ಟೆಗೂ ನೇರ ಸಂಬಂಧ ಇದೆ ಎಂಬುದೇ ನಾವು ಇದನ್ನು ಬರೆಯಲು ಕಾರಣ.

ಕನ್ನಡದಲ್ಲಿ ಹಲ್ಲಿಗೂ ದಂತ ಎನ್ನುತ್ತೇವೆ, ಆನೆಯ ಕೋರೆಗೂ ದಂತ ಎನ್ನುತ್ತೇವೆ. ಸೊರಬ, ಸಾಗರದ ಗುಡಿಗಾರರು ಗಂಧದ ಜೊತೆಗೆ ಹಿಂದೆ ದಂತವನ್ನೂ ಕೆತ್ತುತ್ತಿದ್ದರು. ಯುರೋಪಿನಲ್ಲಿ ಇದೇ ಕಸುಬು ಬಾಯಿಯೊಳಗೂ ಹೋಯಿತು: 18ನೇ ಶತಮಾನದಲ್ಲಿ ಶ್ರೀಮಂತರ ಕಟ್ಟುಹಲ್ಲುಗಳನ್ನು ಆನೆಯ ಅಥವಾ ನೀರಾನೆಯ ದಂತದಲ್ಲಿ ಕೆತ್ತುತ್ತಿದ್ದರು. ಜಪಾನಿನಲ್ಲಿ ಬುದ್ಧನ ಮರದ ಮೂರ್ತಿಗಳನ್ನು ಕೆತ್ತುವವರ ಕೈಚಳಕವೇ ಮರದ ಹಲ್ಲುಸೆಟ್ಟಿಗೆ ದಾರಿಯಾಯಿತು ಎನ್ನುತ್ತಾರೆ. 1538ರಲ್ಲಿ ತೀರಿಕೊಂಡ ಒಬ್ಬ ಬೌದ್ಧ ಸನ್ಯಾಸಿನಿಯ ಮರದ ಹಲ್ಲುಸೆಟ್ಟು ಅಲ್ಲಿ ಇಂದಿಗೂ ಉಳಿದಿದೆ. ಇಡೀ ಸೆಟ್ಟನ್ನು ಒಂದೇ ಮರದ ತುಂಡಿನಲ್ಲಿ, ಬಾಯಿಯ ಅಚ್ಚಿಗೆ ಸರಿಯಾಗಿ ಕೆತ್ತಿದ್ದಾರೆ. ದೇವರ ಮೂರ್ತಿಯ ತುಟಿ ಕೆತ್ತುವವನಿಗೆ ಮನುಷ್ಯನ ಒಸಡಿನ ಏರಿಳಿತ ಕಷ್ಟವಾಗಿರಲಿಕ್ಕಿಲ್ಲ.

ಅದಕ್ಕೂ ಬಹಳ ಹಿಂದೆ, ಇಟಲಿಯ ಎಟ್ರಸ್ಕನ್ ಜನರು ಬಂಗಾರದ ಪಟ್ಟಿಯಿಂದ ಬದಲಿ ಹಲ್ಲನ್ನು ಪಕ್ಕದ ಹಲ್ಲುಗಳಿಗೆ ಬಿಗಿಯುತ್ತಿದ್ದರು. ಮಧ್ಯ ಅಮೆರಿಕದ ಹೊಂಡುರಾಸ್‌ನಲ್ಲಿ 1931ರಲ್ಲಿ ಸಿಕ್ಕ ಒಂದು ದವಡೆಯ ತುಣುಕಿನಲ್ಲಿ, ಮುಂಭಾಗದ ಮೂರು ಹಲ್ಲುಗಳ ಜಾಗದಲ್ಲಿ ಚಿಪ್ಪಿನಿಂದ ಮಾಡಿದ ಹಲ್ಲುಗಳು ನೆಟ್ಟಿದ್ದವು. ಸುಮಾರು 1,400 ವರ್ಷ ಹಳೆಯ ದವಡೆ ಅದು. ಚಿಪ್ಪಿನ ಮೇಲೆ ಪಾಚಿ ಗಟ್ಟಿಯಾಗಿ ಕೂತಿತ್ತು, ಸುತ್ತ ಮೂಳೆ ಬೆಳೆದಿತ್ತು. ಅಂದರೆ ಆ ಮನುಷ್ಯ ಬದುಕಿದ್ದಾಗಲೇ ಅವನ್ನು ನೆಟ್ಟಿದ್ದರು.

ಈ ಎರಡು ಉದಾಹರಣೆಗಳಲ್ಲೇ ಮುಂದಿನ ಎಲ್ಲ ಜಗಳದ ಬೀಜ ಇದೆ. ಎಟ್ರಸ್ಕನ್ನರು ಭಾರವನ್ನು ನೆರೆಯ ಹಲ್ಲುಗಳ ಮೇಲೆ ಹೊರಿಸಿದರು. ಹೊಂಡುರಾಸಿನವರು ಮೂಳೆಯ ಮೇಲೆ ಹೊರಿಸಿದರು. ಕೆತ್ತಿದ ಸೆಟ್ಟಿನವರು ಒಸಡಿನ ಮೇಲೆ ಹೊರಿಸಿದರು. ಬದಲಿ ಹಲ್ಲನ್ನು ಯಾವುದರಿಂದ ಮಾಡಬೇಕು ಎಂಬುದಕ್ಕೆ ಉತ್ತರ ಬೇಗ ಬೇಗ ಬದಲಾಯಿತು. ಅದರ ಭಾರವನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ವಸ್ತುಗಳ ಕತೆಯನ್ನು ಬೇಗ ಹೇಳಿಬಿಡುತ್ತೇವೆ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಮರದ ಹಲ್ಲು ಹಾಕುತ್ತಿದ್ದ ಎಂಬುದು ಕಟ್ಟುಕತೆ. ಅವನ ಸೆಟ್ಟುಗಳಲ್ಲಿ ಇದ್ದದ್ದು ದಂತ, ಲೋಹ, ಪ್ರಾಣಿಗಳ ಹಲ್ಲು ಮತ್ತು ಮನುಷ್ಯರ ಹಲ್ಲು. 1815ರ ವಾಟರ್ಲೂ ಯುದ್ಧದಲ್ಲಿ ಸತ್ತ ಸೈನಿಕರ ಹಲ್ಲು ಕಿತ್ತು ಮಾರಿದ್ದರಿಂದ ಅಂಥ ಹಲ್ಲುಗಳಿಗೆ 'ವಾಟರ್ಲೂ ಹಲ್ಲು' ಎಂದೇ ಹೆಸರಾಯಿತು. 19ನೇ ಶತಮಾನದ ನಡುವೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರು, ಅಂದರೆ ವಲ್ಕನೈಟ್ ಬಂತು. ಬಾಯಿಯ ಅಚ್ಚು ತೆಗೆದು, ಅದಕ್ಕೆ ಸರಿಹೊಂದುವ ಅಗ್ಗದ ಸೆಟ್ಟು ಮಾಡಲು ಸಾಧ್ಯವಾಯಿತು. ಆದರೆ ಅದರ ಪೇಟೆಂಟ್ ಹಿಡಿದ ಕಂಪನಿ ಪ್ರತಿ ದಂತವೈದ್ಯನಿಂದ ಹಣ ವಸೂಲಿಗೆ ಇಳಿಯಿತು. ಕಂಪನಿಯ ಖಜಾಂಚಿ ಜೋಸೈಯಾ ಬೇಕನ್ ಊರೂರು ತಿರುಗಿ ಕೇಸು ಹಾಕಿಸುತ್ತಿದ್ದ. 1879ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹೋಟೆಲಿನಲ್ಲಿ ಸ್ಯಾಮ್ಯುಯೆಲ್ ಚಾಲ್‌ಫಂಟ್ ಎಂಬ ದಂತವೈದ್ಯನ ಗುಂಡಿಗೆ ಅವನು ಬಲಿಯಾದ. ಬಡವರ ಬಾಯಿಗೆ ಹಲ್ಲು ತಲುಪಬೇಕಾದರೆ ಎಷ್ಟು ಜನರ ಕಿಸೆ ದಾಟಿ ಬರಬೇಕು ಎಂಬ ಪ್ರಶ್ನೆ ಹೊಸದೇನಲ್ಲ. 1930ರ ದಶಕದ ಕೊನೆಗೆ ಅಕ್ರಿಲಿಕ್ ಬಂದು ವಲ್ಕನೈಟನ್ನು ಮೂಲೆಗೆ ತಳ್ಳಿತು. ಇಂದು ನಮ್ಮ ಮನೆಗಳ ಡಬ್ಬಿಯಲ್ಲಿರುವ ಗುಲಾಬಿ ಬಣ್ಣದ ಸೆಟ್ಟು ಅದೇ ಅಕ್ರಿಲಿಕ್.

ನಮ್ಮ ದೇಶದಲ್ಲಿ ಹಲ್ಲಿನ ವೈದ್ಯ ಶಿಕ್ಷಣ ತಡವಾಗಿ ಬಂತು. ಡಾ. ರಫಿಯುದ್ದೀನ್ ಅಹ್ಮದ್ 1920ರಲ್ಲಿ ಕಲ್ಕತ್ತೆಯಲ್ಲಿ ಮೊದಲ ದಂತ ಕಾಲೇಜು ತೆರೆದರು. ಕರ್ನಾಟಕದಲ್ಲಿ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ, ದಾವಣಗೆರೆಯ ಬಾಪೂಜಿ ದಂತ ಕಾಲೇಜು 1979ರಲ್ಲಿ ಶುರುವಾದವು. ಅದಕ್ಕೆ ಮೊದಲು, ಮತ್ತು ಅದಾದ ಮೇಲೂ, ಹಳ್ಳಿಯವರ ಹಲ್ಲು ಕೀಳುತ್ತಿದ್ದವರು, ಕಟ್ಟುತ್ತಿದ್ದವರು ಬೇರೆಯೇ ಜನ. ದೊಡ್ಡ ಪಟ್ಟಣಗಳಲ್ಲಿ ಚೀನಾದ ಹುಬೆಯ್ ಪ್ರಾಂತ್ಯದಿಂದ ಬಂದು ನೆಲೆಸಿದ ಕುಟುಂಬಗಳು ಹಲ್ಲು ಕಟ್ಟುವುದನ್ನೇ ಕುಲಕಸುಬು ಮಾಡಿಕೊಂಡಿದ್ದವು. ಜಾತ್ರೆ, ಸಂತೆಗಳಲ್ಲಿ ಕೊಡೆಯ ಕೆಳಗೆ ಕೂತು, ಬಟ್ಟೆಯ ಮೇಲೆ ಹಲ್ಲು ಹರಡಿಕೊಂಡು ಕಟ್ಟಿಕೊಡುವವರೂ ಇದ್ದರು. 1948ರ ದಂತವೈದ್ಯರ ಕಾಯ್ದೆ ಈ ವಾಸ್ತವವನ್ನು ಒಪ್ಪಿಕೊಂಡೇ ಬರೆದದ್ದು. ಪದವಿ ಪಡೆದವರಿಗೆ 'ಎ' ಭಾಗ, ಪದವಿ ಇಲ್ಲದಿದ್ದರೂ ವರ್ಷಗಟ್ಟಲೆ ಕಸುಬು ಮಾಡಿದವರಿಗೆ 'ಬಿ' ಭಾಗ ಎಂದು ನೋಂದಣಿ ಪಟ್ಟಿಯನ್ನು ಅದು ಎರಡು ಮಾಡಿತು.

ರಸ್ತೆ ಬದಿಯವರ ವಿಧಾನದಲ್ಲಿ ಒಂದು ಅಪಾಯ ಇತ್ತು, ಇಂದಿಗೂ ಇದೆ. ಅಕ್ರಿಲಿಕ್ ಪುಡಿ ಮತ್ತು ದ್ರವ ಕಲಸಿ ಅದನ್ನು ಬಾಯಿಯೊಳಗೇ ಪಕ್ಕದ ಹಲ್ಲುಗಳಿಗೆ ಮೆತ್ತಿ ಗಟ್ಟಿ ಮಾಡುತ್ತಾರೆ. ತೆಗೆಯಲು ಬರುವುದಿಲ್ಲ, ತೊಳೆಯಲು ಬರುವುದಿಲ್ಲ. ಒಳಗೆ ಅನ್ನದ ಅಗುಳು ಕೊಳೆತು, ಒಸಡು ಸುಟ್ಟು, ಕೆಲವೇ ವರ್ಷದಲ್ಲಿ ಆಧಾರಕ್ಕಿದ್ದ ಒಳ್ಳೆಯ ಹಲ್ಲುಗಳೂ ಅಲುಗಾಡತೊಡಗುತ್ತವೆ. ಒಂದು ಹಲ್ಲು ಕಟ್ಟಿಸಲು ಹೋದವರು ಮೂರು ಕಳೆದುಕೊಂಡದ್ದನ್ನು ನಾವು ಕಂಡಿದ್ದೇವೆ.

ಆದರೆ ಡಿಗ್ರಿ ಇದ್ದವರು ಅಚ್ಚು ತೆಗೆದು ಶಾಸ್ತ್ರೀಯವಾಗಿ ಮಾಡಿದ ಸೆಟ್ಟೂ ಡಬ್ಬಿ ಸೇರುತ್ತದಲ್ಲ, ಅದು ಯಾಕೆ?

1925ರಲ್ಲಿ ನ್ಯೂಯಾರ್ಕಿನ ಎಡ್ವರ್ಡ್ ಕೆನಡಿ ಎಂಬ ದಂತವೈದ್ಯ, ಅರೆಬರೆ ಹಲ್ಲು ಉಳಿದಿರುವ ಬಾಯಿಗಳನ್ನು ನಾಲ್ಕು ವರ್ಗ ಮಾಡಿದರು. ಇಂದಿಗೂ ದಂತ ಕಾಲೇಜುಗಳಲ್ಲಿ ಅದನ್ನೇ ಕಲಿಸುತ್ತಾರೆ. ಮೊದಲನೇ ವರ್ಗ ಎಂದರೆ ಎರಡೂ ಬದಿಯಲ್ಲಿ ಹಿಂದಿನ ಹಲ್ಲುಗಳೆಲ್ಲ ಹೋದದ್ದು. ಎರಡನೆಯದು ಒಂದೇ ಬದಿಯಲ್ಲಿ ಹಿಂದಿನವು ಹೋದದ್ದು. ಮೂರನೆಯದರಲ್ಲಿ ಖಾಲಿ ಜಾಗದ ಹಿಂದೆಯೂ ಮುಂದೆಯೂ ಹಲ್ಲು ಇರುತ್ತದೆ. ನಾಲ್ಕನೆಯದು ಮುಂಬಾಯಿಯ ಹಲ್ಲುಗಳು ಹೋದದ್ದು. ಮೊದಲನೇ ವರ್ಗವೇ ಎಲ್ಲಕ್ಕಿಂತ ಕಾಟ ಕೊಡುವುದು.

ಮಲೆನಾಡಿನವರಿಗೆ ಇದನ್ನು ವಿವರಿಸಲು ಚಿತ್ರ ಬೇಡ, ಕಾಲುಸಂಕ ಸಾಕು. ಹಳ್ಳಕ್ಕೆ ಅಡ್ಡ ಹಾಕಿದ ಸಂಕದ ಎರಡೂ ತುದಿ ಕಲ್ಲಿನ ಮೇಲೆ ಕೂತಿದ್ದರೆ ಮಳೆಗಾಲದಲ್ಲೂ ಧೈರ್ಯವಾಗಿ ದಾಟಬಹುದು. ಒಂದು ತುದಿ ಕಲ್ಲಿನ ಮೇಲೆ, ಇನ್ನೊಂದು ತುದಿ ಕೆಸರಿನ ಮೇಲೆ ಇದ್ದರೆ? ಕಾಲಿಟ್ಟ ಕೂಡಲೇ ಕೆಸರಿನ ತುದಿ ಕುಸಿಯುತ್ತದೆ, ಕಲ್ಲಿನ ಕಡೆಯದು ಎತ್ತಿಕೊಳ್ಳುತ್ತದೆ. ಹಾಗೇ ಓಡಾಡುತ್ತಿದ್ದರೆ ಕಲ್ಲೂ ಸಡಿಲವಾಗುತ್ತದೆ. ಹಿಂದಿನ ಹಲ್ಲಿಲ್ಲದವರ ಸೆಟ್ಟು ಈ ಎರಡನೇ ಬಗೆಯ ಸಂಕ. ಮುಂತುದಿಯಲ್ಲಿ ಅದು ತಂತಿಯ ಕೊಂಡಿಯಿಂದ ಹಲ್ಲನ್ನು ಹಿಡಿದುಕೊಂಡಿರುತ್ತದೆ. ಹಲ್ಲು ಮೂಳೆಯೊಳಗೆ ನಾರಿನ ತೆಳು ಪದರದಲ್ಲಿ ತೂಗಿಕೊಂಡಿರುವುದರಿಂದ, ಕಚ್ಚಿದಾಗ ಕೂದಲೆಳೆಯಷ್ಟು ಮಾತ್ರ ತಗ್ಗುತ್ತದೆ. ಹಿಂತುದಿ ಕೂತಿರುವುದು ಬರೀ ಒಸಡಿನ ಮೇಲೆ. ಅದು ಹಲ್ಲಿಗಿಂತ ಹಲವು ಪಟ್ಟು ಹೆಚ್ಚು ತಗ್ಗುತ್ತದೆ. ಪ್ರತಿ ತುತ್ತಿಗೂ ಸೆಟ್ಟು ಹಿಂದಕ್ಕೆ ಕುಸಿದು, ಮುಂದಿನ ಹಲ್ಲನ್ನು ಕೊಂಡಿಯಿಂದ ಎಳೆಯುತ್ತದೆ. ಒತ್ತುತ್ತದೆ, ಏಳುತ್ತದೆ, ಗಾಯವಾಗುತ್ತದೆ. ಕೊನೆಗೆ ಡಬ್ಬಿ.

ಇದಕ್ಕೆ ಇನ್ನೊಂದು ಸಂಗತಿ ಸೇರುತ್ತದೆ. ಹಲ್ಲು ಹೋದ ಮೇಲೆ ಅದನ್ನು ಹಿಡಿದಿದ್ದ ಮೂಳೆಗೆ ಕೆಲಸವಿಲ್ಲ. ಅದು ಕರಗತೊಡಗುತ್ತದೆ. ಆಂಟ್ಯೆ ಟಾಲ್‌ಗ್ರೆನ್ ಎಂಬ ಸಂಶೋಧಕಿ ಪೂರ್ತಿ ಹಲ್ಲುಸೆಟ್ಟು ಹಾಕಿದವರನ್ನು 25 ವರ್ಷದವರೆಗೆ ಹಿಂಬಾಲಿಸಿ 1972ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಈ ವಿಷಯದ ಆಧಾರಗ್ರಂಥದಂತಿದೆ. ಕೆಳದವಡೆಯ ಮುಂಭಾಗ ಮೇಲ್ದವಡೆಯ ಸುಮಾರು ನಾಲ್ಕು ಪಟ್ಟು ಸವೆಯುತ್ತದೆ, ಮತ್ತು ಆ ಸವೆತ ನಿಲ್ಲುವುದೇ ಇಲ್ಲ ಎಂದು ಅವರು ತೋರಿಸಿದರು. ಅಂದರೆ ಇಂದು ಅಳತೆಗೆ ಸರಿಯಾಗಿ ಮಾಡಿದ ಸೆಟ್ಟು ಐದು ವರ್ಷಕ್ಕೆ ತಾನಾಗಿಯೇ ಸಡಿಲವಾಗುತ್ತದೆ. ಮಾಡಿದವರ ಕೈ ಚೆನ್ನಾಗಿಲ್ಲ ಎಂದು ನಾವು ಬೈಯುವ ಎಷ್ಟೋ ಸಂದರ್ಭಗಳಲ್ಲಿ ಬದಲಾಗಿರುವುದು ಅಡಿಯ ನೆಲ.

ಹಾಗಾದರೆ ಕೆಸರಿನ ತುದಿಯಲ್ಲಿ ಒಂದು ಕಲ್ಲು ನೆಟ್ಟರೆ? ಮೂಳೆಯಲ್ಲಿ ಬೇರು ನೆಡುವ ಆಸೆ ಹಳೆಯದು. 1809ರಲ್ಲಿ ಫ್ರಾನ್ಸಿನ ಮ್ಯಾಜಿಯೊಲೊ ಆಗತಾನೆ ಹಲ್ಲು ಕಿತ್ತ ಗುಳಿಯಲ್ಲಿ ಬಂಗಾರದ ಬೇರು ಕೂರಿಸಿ ನೋಡಿದರು. 1930ರ ದಶಕದಲ್ಲಿ ಬಾಸ್ಟನ್ನಿನ ಸ್ಟ್ರಾಕ್ ಸಹೋದರರು ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ತಿರುಪು ಹಾಕಿದರು. 1960ರ ದಶಕದಲ್ಲಿ ಲೆನರ್ಡ್ ಲಿಂಕೋ ಚಪ್ಪಟೆ ಅಲಗಿನಂಥ ಇಂಪ್ಲಾಂಟ್ ತಂದರು. ಕೆಲವು ನಿಂತವು, ಬಹಳಷ್ಟು ಸುತ್ತಲೂ ಮೆತ್ತನೆಯ ಅಂಗಾಂಶ ಬೆಳೆದು ಅಲುಗಾಡಿ ಬಿದ್ದವು. ಮೂಳೆ ಅವನ್ನು ಒಪ್ಪಿರಲಿಲ್ಲ.

ಒಪ್ಪಿದ ಲೋಹ ಸಿಕ್ಕದ್ದು ಬೇರೆ ಏನನ್ನೋ ಹುಡುಕುವಾಗ. 1952ರಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹರಿಯುವುದನ್ನು ನೋಡಲು ಟೈಟೇನಿಯಂ ಹೊದಿಕೆಯ ಸಣ್ಣ ಸಾಧನ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲಿಲ್ಲ. ಮೂಳೆ ಲೋಹಕ್ಕೆ ನೇರವಾಗಿ ಅಂಟಿಕೊಂಡು ಬೆಳೆದಿತ್ತು. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಅವರು ಗೋಸ್ಟಾ ಲಾರ್ಸನ್ ಎಂಬಾತನ ಕೆಳದವಡೆಗೆ ನಾಲ್ಕು ಟೈಟೇನಿಯಂ ತಿರುಪು ನೆಟ್ಟರು. ಲಾರ್ಸನ್ ಹುಟ್ಟಿನಿಂದಲೇ ದವಡೆಯ ವಿಕಾರದಿಂದ ಬಳಲುತ್ತಿದ್ದ. 2006ರಲ್ಲಿ ಅವನು ಸಾಯುವವರೆಗೆ, 40 ವರ್ಷಕ್ಕೂ ಹೆಚ್ಚು ಕಾಲ, ಆ ಬೇರುಗಳು ಬಾಯಲ್ಲೇ ಇದ್ದವು. ಹಾಗಿದ್ದೂ ಬ್ರೋನೆಮಾರ್ಕ್ ಅವರನ್ನು ಸ್ವದೇಶದ ದಂತವೈದ್ಯರು ವರ್ಷಗಟ್ಟಲೆ ನಂಬಲಿಲ್ಲ. 1982ರಲ್ಲಿ ಕೆನಡಾದ ಟೊರೊಂಟೊದಲ್ಲಿ ಜಾರ್ಜ್ ಜಾರ್ಬ್ ನಡೆಸಿದ ಸಮ್ಮೇಳನದ ನಂತರವೇ ಜಗತ್ತು ಒಪ್ಪಿತು.

ಇಲ್ಲಿಂದ ಉದ್ದದ ಚರ್ಚೆ ಶುರು. ಬ್ರೋನೆಮಾರ್ಕ್ ಪದ್ಧತಿಯ ತಿರುಪುಗಳು 7 ಮಿ.ಮೀ.ನಿಂದ 20 ಮಿ.ಮೀ.ವರೆಗೆ ಬೇರೆ ಬೇರೆ ಉದ್ದದಲ್ಲಿ ಬರುತ್ತಿದ್ದವು. ದಪ್ಪ ಸಾಮಾನ್ಯವಾಗಿ 3.75 ಮಿ.ಮೀ. ಜಾಗ ಇದ್ದಷ್ಟೂ ಉದ್ದನೆಯದನ್ನು ಹಾಕು ಎಂಬುದು ಆಗಿನ ಮಂತ್ರ. ನಮ್ಮ ಬೇಲಿ ಗೂಟದ ಲೆಕ್ಕವೂ ಅದೇ ಅಲ್ಲವೇ, ಆಳ ಹೋದಷ್ಟೂ ಗಟ್ಟಿ. ಅನುಭವವೂ ಅದನ್ನೇ ಹೇಳಿತು: ಯಂತ್ರದಲ್ಲಿ ಕಡೆದ ನುಣುಪು ಮೈಯ 7 ಮಿ.ಮೀ. ತಿರುಪುಗಳು ಉದ್ದನೆಯವಕ್ಕಿಂತ ಹೆಚ್ಚಾಗಿ ಸೋತವು. 10 ಮಿ.ಮೀ.ಗಿಂತ ಗಿಡ್ಡದ್ದು ಕೆಲಸಕ್ಕೆ ಬಾರದು ಎಂಬ ಮಾತು ಪಾಠವಾಯಿತು.

ಈ ಪಾಠದ ಬಿಸಿ ತಟ್ಟಿದ್ದು ಮೊದಲನೇ ವರ್ಗದ ಬಾಯಿಯವರಿಗೆ. ಕೆಳದವಡೆಯ ಹಿಂಭಾಗದಲ್ಲಿ, ಮೂಳೆಯ ಒಳಗೆ ಒಂದು ಕಾಲುವೆ ಇದೆ. ಅದರಲ್ಲಿ ಕೆಳತುಟಿಗೂ ಗಲ್ಲಕ್ಕೂ ಸ್ಪರ್ಶ ಕೊಡುವ ನರ ಹಾದುಹೋಗುತ್ತದೆ. ತಿರುಪು ಅದನ್ನು ಮುಟ್ಟಿದರೆ ತುಟಿ ಮರಗಟ್ಟಿಹೋಗಬಹುದು, ಹಾಗಾಗಿ ನರದಿಂದ ಸುಮಾರು 2 ಮಿ.ಮೀ. ದೂರ ಬಿಡುತ್ತಾರೆ. ಹಲ್ಲು ಹೋಗಿ ಹತ್ತಾರು ವರ್ಷವಾದ ದವಡೆಯಲ್ಲಿ ಮೇಲಿನಿಂದ ಮೂಳೆ ಕರಗುತ್ತಾ ಬಂದಿರುತ್ತದೆ, ಕೆಳಗಿನ ನರ ಇದ್ದಲ್ಲೇ ಇರುತ್ತದೆ. ಉಳಿಯುವುದು ಎಂಟೋ ಒಂಬತ್ತೋ ಮಿ.ಮೀ. ಅದರಲ್ಲಿ ಎರಡು ಬಿಟ್ಟರೆ ಆರು. ಸಂಕದ ಯಾವ ತುದಿಗೆ ಕಲ್ಲು ಬೇಕೋ ಆ ತುದಿಯಲ್ಲೇ ನೆಡಲು ಮಣ್ಣಿಲ್ಲ. ಸೊಂಟದ ಅಥವಾ ದವಡೆಯ ಮೂಳೆ ತೆಗೆದು ಕಸಿ ಮಾಡುವ ಶಸ್ತ್ರಚಿಕಿತ್ಸೆ ಇದೆ. ಎಪ್ಪತ್ತು ವರ್ಷದ, ಸಕ್ಕರೆ ಕಾಯಿಲೆಯ ಕೃಷಿಕನಿಗೆ ಅದನ್ನು ಹೇಳುವುದೇ ಕಷ್ಟ.

ಎರಡು ಕಡೆಯಿಂದ ಈ ಮಾತು ಸಡಿಲವಾಯಿತು. ಒಂದು, ತಿರುಪಿನ ಮೈ. ಸ್ವಿಟ್ಜರ್‌ಲೆಂಡಿನ ಡೇನಿಯಲ್ ಬೂಸರ್ ಮತ್ತು ಸಂಗಡಿಗರು ಸಣ್ಣ ತಳಿಯ ಹಂದಿಗಳ ಮೇಲೆ ಮಾಡಿ 1991ರಲ್ಲಿ ಪ್ರಕಟಿಸಿದ ಅಧ್ಯಯನ, ಒರಟು ಮೈಯ ಟೈಟೇನಿಯಂಗೆ ಮೂಳೆ ಹೆಚ್ಚು ಅಂಟಿಕೊಳ್ಳುತ್ತದೆ ಎಂದು ತೋರಿಸಿತು. ಮರಳು ಚಿಮ್ಮಿಸಿ, ಆಮ್ಲದಲ್ಲಿ ಅದ್ದಿ ಒರಟು ಮಾಡಿದ ತಿರುಪುಗಳು 1990ರ ದಶಕದ ಕೊನೆಗೆ ಮಾರುಕಟ್ಟೆಗೆ ಬಂದವು. ಗೋಡೆಗೆ ಗಾರೆ ಮೆತ್ತುವ ಮುಂಚೆ ಗೀರು ಹಾಕುವ ಗಾರೆ ಕೆಲಸದವರಿಗೆ ಇದು ಹೊಸ ವಿಷಯವಲ್ಲ.

ಇನ್ನೊಂದು, ಕಂಪ್ಯೂಟರ್ ಲೆಕ್ಕ. ಸೇತುವೆ, ವಿಮಾನದ ಇಂಜಿನಿಯರುಗಳು ಬಳಸುವ ಒಂದು ಪದ್ಧತಿಯಲ್ಲಿ ವಸ್ತುವನ್ನು ಸಾವಿರಾರು ಸಣ್ಣ ತುಣುಕುಗಳಾಗಿ ಒಡೆದು, ಭಾರ ಹಾಕಿದಾಗ ಯಾವ ತುಣುಕಿನ ಮೇಲೆ ಎಷ್ಟು ಒತ್ತಡ ಬೀಳುತ್ತದೆ ಎಂದು ಲೆಕ್ಕ ಹಾಕುತ್ತಾರೆ. 1976ರಿಂದ ಇದನ್ನು ಹಲ್ಲಿನ ಇಂಪ್ಲಾಂಟ್‌ಗೂ ಬಳಸತೊಡಗಿದರು. ಬೇಲಿ ಗೂಟದ ಲೆಕ್ಕ ಇಲ್ಲಿ ಪೂರ್ತಿ ಹೊಂದುವುದಿಲ್ಲ ಎಂದು ಗೊತ್ತಾಯಿತು. ಒತ್ತಡ ಬಹುಪಾಲು ಬೀಳುವುದು ತಿರುಪಿನ ಕತ್ತಿನ ಸುತ್ತ, ಮೂಳೆಯ ಮೇಲಂಚಿನಲ್ಲಿ. ಆಳದ ತುದಿ ಅಷ್ಟೇನೂ ಹೊರುವುದಿಲ್ಲ. ಪ್ರಾಗ್‌ನ ಲೂಸಿ ಹಿಮ್ಲೋವಾ ಮತ್ತು ಸಂಗಡಿಗರು 2004ರಲ್ಲಿ ಉದ್ದ ಮತ್ತು ದಪ್ಪ ಎರಡನ್ನೂ ಬದಲಿಸಿ ನೋಡಿದಾಗ, ಒತ್ತಡ ಇಳಿಸುವುದರಲ್ಲಿ ಉದ್ದಕ್ಕಿಂತ ದಪ್ಪದ ಪಾತ್ರವೇ ದೊಡ್ಡದು ಎಂದು ಕಂಡಿತು.

ನಮ್ಮ ಕತೆಗೆ ನೇರವಾಗಿ ಬರುವುದು 2007ರ ಒಂದು ಅಧ್ಯಯನ. ಬ್ರೆಜಿಲ್‌ನ ವೆರ್ರಿ ಮತ್ತು ಸಂಗಡಿಗರು ಹಿಂದಿನ ಹಲ್ಲಿಲ್ಲದ ದವಡೆ, ಅದರ ಮೇಲೆ ತೆಗೆದು ಹಾಕುವ ಸೆಟ್ಟು, ಸೆಟ್ಟಿನ ಹಿಂತುದಿಯ ಅಡಿಗೆ ಬೇರೆ ಬೇರೆ ಉದ್ದ, ದಪ್ಪದ ಇಂಪ್ಲಾಂಟ್ ಇಟ್ಟು ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿದರು. ಬರೀ ಸೆಟ್ಟು ಹಾಕಿದಾಗ ಆಧಾರದ ಹಲ್ಲಿನ ಮೇಲೆ ಭಾರ ಹೆಚ್ಚಾಗುತ್ತದೆ. ಹಿಂದೆ ಇಂಪ್ಲಾಂಟ್ ಬಂದಾಗ ಒತ್ತಡ ಇಳಿಯುತ್ತದೆ, ಮುಖ್ಯವಾಗಿ ಖಾಲಿ ಜಾಗದ ತುದಿಗಳಲ್ಲಿ. ಉದ್ದ ಮತ್ತು ದಪ್ಪ ಹೆಚ್ಚಿದಷ್ಟೂ ಇನ್ನಷ್ಟು ಇಳಿಯುವತ್ತ ವಾಲುತ್ತದೆ. ಅಂದರೆ ಉದ್ದನೆಯದಕ್ಕೆ ಅದರದ್ದೇ ಲಾಭ ಇದೆ, ಅದನ್ನು ನಾವು ಮುಚ್ಚಿಡಬೇಕಿಲ್ಲ. ಆದರೆ ಇದೆಯೋ ಇಲ್ಲವೋ ಎಂಬುದು ಮೊದಲ ಪ್ರಶ್ನೆ, ಎಷ್ಟುದ್ದ ಎಂಬುದು ಎರಡನೆಯದು ಎಂದು ನಾವು ಇದನ್ನು ಓದಿಕೊಂಡಿದ್ದೇವೆ. ಇದು ಕಂಪ್ಯೂಟರಿನ ದವಡೆ, ಎಲೆಅಡಿಕೆ ಹಾಕುವ ದವಡೆಯಲ್ಲ ಎಂಬ ಎಚ್ಚರವೂ ಬೇಕು.

ಇಲ್ಲಿ ಗಿಡ್ಡ ಬೇರಿಗೆ ಒಂದು ಅನುಕೂಲವಿದೆ. ಇಂಪ್ಲಾಂಟ್ ಮೇಲೆ ಕಾಯಂ ಹಲ್ಲು ಕಟ್ಟಿದರೆ ಆ ಹಲ್ಲಿನ ಪೂರ್ತಿ ಭಾರ ಅದೇ ಹೊರಬೇಕು. ತೆಗೆದು ಹಾಕುವ ಸೆಟ್ಟಿನಡಿ ಇಟ್ಟರೆ, ಮುಂದಿನ ಹಲ್ಲು, ಒಸಡು, ಇಂಪ್ಲಾಂಟ್ ಮೂವರೂ ಹಂಚಿಕೊಳ್ಳುತ್ತಾರೆ. ಅದರ ಕೆಲಸ ಸೆಟ್ಟಿನ ಹಿಂತುದಿ ಕುಸಿಯದಂತೆ ತಡೆಯುವುದು. ಬೇಕಾದರೆ ಅದರ ತಲೆಗೆ ರವಿಕೆಯ ಟಿಚ್ ಬಟನ್ನಿನಂಥ ಹಿಡಿಕೆ ಹಾಕಬಹುದು. ಆಗ ಸೆಟ್ಟು ಟಕ್ ಎಂದು ಕೂರುತ್ತದೆ, ರೊಟ್ಟಿ ಕಚ್ಚಿದರೂ ಏಳುವುದಿಲ್ಲ, ಮುಂದಿನ ಹಲ್ಲಿಗೆ ಎದ್ದು ಕಾಣುವ ತಂತಿಯೂ ಬೇಡವಾಗಬಹುದು. ಕೆನಡಿಯ ಲೆಕ್ಕದಲ್ಲಿ ಹೇಳುವುದಾದರೆ ಮೊದಲನೇ ವರ್ಗದ ಬಾಯಿ ಮೂರನೇ ವರ್ಗದಂತೆ ನಡೆದುಕೊಳ್ಳುತ್ತದೆ. ಎರಡು ಬದಿಗೆ ಎರಡು ತಿರುಪು ಸಾಕು. ಹೋದ ಪ್ರತಿ ಹಲ್ಲಿಗೂ ಬೇರು ನೆಟ್ಟು ಕಾಯಂ ಹಲ್ಲು ಕಟ್ಟಿಸುವ ಖರ್ಚು ಇದಕ್ಕೆ ಇಲ್ಲ.

ಒಂದೂ ಹಲ್ಲಿಲ್ಲದ ಕೆಳದವಡೆಯ ವಿಷಯದಲ್ಲಿ ಇಂಥ ನಡುದಾರಿಗೆ ಆಗಲೇ ಮಾನ್ಯತೆ ಸಿಕ್ಕಿದೆ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಬರೀ ಒಸಡಿನ ಮೇಲೆ ಕೂರುವ ಸೆಟ್ಟನ್ನು ಮೊದಲ ಆಯ್ಕೆ ಎನ್ನಬಾರದು, ಎರಡು ಇಂಪ್ಲಾಂಟ್ ಆಧಾರದ ಸೆಟ್ಟೇ ಮೊದಲ ಆಯ್ಕೆಯಾಗಬೇಕು ಎಂದು ಹೇಳಿಕೆ ಕೊಟ್ಟರು. ಅದಾಗಿ ಎರಡು ದಶಕ ದಾಟಿದೆ.

ಈಗ ನಮ್ಮ ಸೀಮೆಗೆ ಬರೋಣ. ಜಡೆಯಿಂದ ಬಹಳ ದೂರವಿಲ್ಲದ ಬಳ್ಳಿಗಾವಿಯ ಕೋಡಿಮಠದ 1162ರ ಶಾಸನ, ಆ ಮಠದಲ್ಲಿ ವಿದ್ಯಾದಾನ, ಅನ್ನದಾನದ ಜೊತೆಗೆ ರೋಗಿಗಳಿಗೆ ಚಿಕಿತ್ಸೆಯೂ ನಡೆಯುತ್ತಿತ್ತು ಎಂದು ಹೇಳುತ್ತದೆ. ಅನ್ನ ಮತ್ತು ಔಷಧಿ ಒಂದೇ ಅಂಗಳದಲ್ಲಿ ಸಿಗುತ್ತಿದ್ದ ಕಾಲ. ನಮ್ಮ ಕಾಲದಲ್ಲಿ ಅನ್ನ ಭಾಗ್ಯ ಬೇರೆ, ದಂತ ಭಾಗ್ಯ ಬೇರೆ. 2014ರಲ್ಲಿ ರಾಜ್ಯ ಸರ್ಕಾರ ಬಿಪಿಎಲ್ ಕುಟುಂಬದ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲುಸೆಟ್ಟು ಕೊಡುವ ದಂತ ಭಾಗ್ಯ ಯೋಜನೆ ತಂದಿತು. ಹೆಸರು ಕೇಳಿ ನಕ್ಕವರಿದ್ದಾರೆ. ನಾವು ನಗುವುದಿಲ್ಲ. ಹಲ್ಲಿಲ್ಲದೆ ಗಂಜಿಗೆ ಇಳಿದ ಮುದುಕರ ಬಾಯಿಯನ್ನು ಒಂದು ಸರ್ಕಾರ ಲೆಕ್ಕಕ್ಕೆ ತೆಗೆದುಕೊಂಡದ್ದು ಸಣ್ಣ ವಿಷಯವಲ್ಲ.

ನಮ್ಮ ತಕರಾರು ಬೇರೆ. ಸೆಟ್ಟು ಕೊಟ್ಟ ದಿನಕ್ಕೆ ಲೆಕ್ಕ ಮುಗಿಯುತ್ತದೆ. ಅದು ತಟ್ಟೆಯ ಮುಂದೆ ಬಾಯಲ್ಲಿದೆಯೋ ಡಬ್ಬಿಯಲ್ಲಿದೆಯೋ ಎಂದು ಕೇಳುವವರಿಲ್ಲ. ಒತ್ತಿದ ಕಡೆ ಸ್ವಲ್ಪ ಉಜ್ಜಿಸಿಕೊಳ್ಳಲು, ಸಡಿಲವಾದಾಗ ಒಳಪದರ ಹಾಕಿಸಿಕೊಳ್ಳಲು ಜಡೆಯವರು ಮತ್ತೆ ಶಿವಮೊಗ್ಗದ ಬಸ್ಸು ಹತ್ತಬೇಕು. ಒಂದು ದಿನದ ಕೂಲಿ, ಜೊತೆಗೆ ಬರುವವರದ್ದೂ ಸೇರಿ ಎರಡು. ಮೂರನೇ ಸಲ ಯಾರೂ ಹೋಗುವುದಿಲ್ಲ. ಇಂಪ್ಲಾಂಟ್ ಮಾತು ಬಂದರೆ ಒಂದೊಂದಕ್ಕೆ ಹತ್ತಾರು ಸಾವಿರ ರೂಪಾಯಿ. ಆದರೂ ಎರಡು ಗಿಡ್ಡ ತಿರುಪು ಬಳಕೆಯಾಗದ ಒಂದು ಸೆಟ್ಟನ್ನು ಬಳಕೆಗೆ ತರುವುದಾದರೆ, ಯಾವುದು ಅಗ್ಗ ಎಂದು ಲೆಕ್ಕ ಹಾಕುವ ಕೆಲಸ ದಂತ ಕಾಲೇಜುಗಳೂ ಆರೋಗ್ಯ ಇಲಾಖೆಯೂ ಕೂತು ಮಾಡಬೇಕಾದದ್ದು.

ಎಲ್ಲರಿಗೂ ಇದು ಆಗುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಬೀಡಿ, ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ಸೋಲುವುದು ಹೆಚ್ಚು. ನಮ್ಮ ಕಡೆಯ ದೊಡ್ಡ ತೊಡಕು ಅಡಿಕೆಯದೇ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರ ಮೇ ತಿಂಗಳಲ್ಲಿ. ಅಡಿಕೆ, ತಂಬಾಕು ಬೇರೆ ಬೇರೆ ಚೀಟಿಯಲ್ಲಿ ಬಂದು ಬಾಯಲ್ಲಿ ಸೇರುವುದು ನಿಂತಿಲ್ಲ. ವರ್ಷಗಟ್ಟಲೆ ಅಗಿದವರಲ್ಲಿ ಕೆನ್ನೆಯ ಒಳಭಾಗ ನಾರುಗಟ್ಟಿ ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯದ ಸ್ಥಿತಿ ಬರುತ್ತದೆ. ಅಂಥ ಬಾಯಿಗೆ ಹಿಂದಿನ ದವಡೆಗೆ ತಿರುಪು ಹಾಕುವ ಉಪಕರಣವೇ ಒಳಗೆ ಹೋಗದು, ಅಚ್ಚು ತೆಗೆಯುವ ತಟ್ಟೆಯೂ ಹೋಗದು. ಅಡಿಕೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲಿ ಪ್ರಕಟಿಸಿದಾಗ ನಮ್ಮ ಕಡೆ ಬೆಲೆಯ ಚಿಂತೆಯೇ ಜಾಸ್ತಿಯಾಯಿತು. ಅಡಿಕೆಯ ದುಡ್ಡಿನಲ್ಲೇ ಓದಿದ ನಾವು ಇದನ್ನು ಬರೆಯುವಾಗ ಮನೆಯವರ ಮುಖ ನೆನಪಾಗುತ್ತದೆ, ಆದರೂ ಬರೆಯಬೇಕು.

ಇನ್ನು, ಹಿಂದಿನ ಹಲ್ಲು ಹೋದವರು ಮನೆಯಲ್ಲಿದ್ದರೆ ಕೇಳಬೇಕಾದ ಪ್ರಶ್ನೆಗಳು ಇವು. ಹಲ್ಲು ಕಿತ್ತು ಎಷ್ಟು ವರ್ಷವಾಯಿತು? ಮೂಳೆ ಕಾಯುವುದಿಲ್ಲ, ಐದು ವರ್ಷ ಮುಂದೂಡಿದರೆ ಹತ್ತು ಮಿ.ಮೀ. ಬೇರಿನ ಜಾಗ ಆರಕ್ಕೆ ಇಳಿದಿರಬಹುದು. ಎಕ್ಸ್‌ರೇ ತೆಗೆದು ನರದ ಮೇಲೆ ಎಷ್ಟು ಮೂಳೆ ಉಳಿದಿದೆ ಎಂದು ನೋಡಿದ್ದಾರೆಯೇ? ತಿರುಪನ್ನು ಹಿಂದಿನ ದವಡೆ ಹಲ್ಲಿನ ಜಾಗದಲ್ಲಿ ಇಡುತ್ತಾರೋ, ಮುಂದಕ್ಕೆ ಇಡುತ್ತಾರೋ? ತೀರಾ ಹಿಂದಿಟ್ಟರೆ ಸೆಟ್ಟಿನ ಕುಸಿತ ಚೆನ್ನಾಗಿ ನಿಲ್ಲುತ್ತದೆ. ಮುಂದಿಟ್ಟರೆ ಮೂಳೆ ಸಿಗುವುದು ಸುಲಭ, ಮುಂದೊಂದು ದಿನ ಅದರ ಮೇಲೆ ಕಾಯಂ ಹಲ್ಲು ಕಟ್ಟಿಸಲೂ ಬರುತ್ತದೆ. ರಾತ್ರಿ ಸ್ವತಃ ಸೆಟ್ಟು ತೆಗೆದು, ತಿರುಪಿನ ತಲೆಯ ಸುತ್ತ ಬ್ರಷ್ ಮಾಡುವಷ್ಟು ಅವರ ಕೈ, ಕಣ್ಣು ಗಟ್ಟಿಯಿವೆಯೇ? ಇದಾಗದಿದ್ದರೆ ಎಷ್ಟು ಉದ್ದದ ಬೇರೂ ಉಳಿಯದು.

ತಿರುಪು ಹಾಕಿದ ಮೇಲೆ ಕಂಪನಿಯ ಹೆಸರು, ಉದ್ದ, ದಪ್ಪ ಬರೆದ ಒಂದು ಚೀಟಿ ಅಥವಾ ಕಾರ್ಡ್ ಕೇಳಿ ಪಡೆಯಬೇಕು. ಹತ್ತು ವರ್ಷದ ನಂತರ ಬಟನ್ ಸವೆದರೆ, ಹಾಕಿದ ಡಾಕ್ಟರು ಊರು ಬಿಟ್ಟಿದ್ದರೆ, ಬೇರೆಯವರಿಗೆ ಸರಿಯಾದ ಬಿಡಿಭಾಗ ತರಿಸಲು ಅದೊಂದೇ ದಾರಿ. ರೇಷನ್ ಕಾರ್ಡ್, ಸೊಸೈಟಿ ಪಾಸ್‌ಬುಕ್ ಇಡುವ ಟ್ರಂಕಿನಲ್ಲಿ ಅದಕ್ಕೂ ಒಂದು ಜಾಗ ಇರಲಿ.